ನೆಲ ಸರ್ಕಾರದ್ದು, ದಾರಿ ಯಾರದ್ದು? ಅಮೆರಿಕದಲ್ಲಿ ಬೇಟೆಗೆ ಜಾಗ ಹುಡುಕುವ ಕೆಲಸ

ಟೆಕ್ಸಸ್‌ನಲ್ಲಿ ಬೇಟೆಯ ಲೈಸೆನ್ಸ್ ಕೊಳ್ಳಲು ಹತ್ತು ನಿಮಿಷ ಸಾಕು. ಆ ಲೈಸೆನ್ಸ್ ಇಟ್ಟುಕೊಂಡು ಕಾಲೂರಲು ಒಂದು ತುಂಡು ನೆಲ ಬೇಕಲ್ಲ, ಅದಕ್ಕೆ ತಿಂಗಳುಗಟ್ಟಲೆ ಹುಡುಕಬೇಕು. ರಾಜ್ಯದ ಶೇ 95ರಷ್ಟು ನೆಲ ಖಾಸಗಿಯವರದ್ದು. ಡಲ್ಲಾಸ್, ಆಸ್ಟಿನ್ ಕಡೆ ಹೊಸದಾಗಿ ಬೇಟೆಗೆ ಇಳಿಯುವ ನಮ್ಮವರು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಕೋವಿ ಕೊಳ್ಳುತ್ತಾರೆ, ಸೆಪ್ಟೆಂಬರ್‌ನಲ್ಲಿ ದುರ್ಬೀನು, ಅಕ್ಟೋಬರ್‌ನಲ್ಲಿ ಬೂಟು. ನವೆಂಬರ್ ಮೊದಲ ಶನಿವಾರ ಜಿಂಕೆಯ ಸೀಸನ್ ಶುರು ಎನ್ನುವಾಗ ಜಾಗದ ಯೋಚನೆ ಬರುತ್ತದೆ. ಅಷ್ಟು ಹೊತ್ತಿಗೆ ಒಳ್ಳೆಯ ಲೀಸ್‌ಗಳೆಲ್ಲ (ಬೇಟೆಗೆಂದು ಗುತ್ತಿಗೆಗೆ ಸಿಗುವ ಖಾಸಗಿ ಜಮೀನು) ಹೋಗಿರುತ್ತವೆ, ಬೇಟೆಯ ಅವಕಾಶಕ್ಕಾಗಿ ಸರ್ಕಾರ ನಡೆಸುವ ಲಾಟರಿಯ ಕೊನೆಯ ದಿನಾಂಕಗಳೂ ಬಹುಪಾಲು ದಾಟಿರುತ್ತವೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಮೊದಲು ನೆಲ ನೋಡಿ, ಆ ನೆಲಕ್ಕೆ ಹೋಗುವ ದಾರಿ ನೋಡಿ, ಅಲ್ಲಿ ಸಿಗುವ ಪ್ರಾಣಿ ಯಾವುದೆಂದು ನೋಡಿ. ಕೋವಿ ಕೊಳ್ಳುವುದು ಕೊನೆಗೆ.

ಊರಿನಲ್ಲಿ ಕುಳಿತು ಓದುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಇಂದು ಬೇಟೆಗೆ ಜಾಗ ಹುಡುಕುವ ಪ್ರಶ್ನೆಯೇ ಇಲ್ಲ. ಕೊಡಗಿನವರಿಗಿರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ. ಇಲ್ಲಿ ಬರೆದದ್ದು ಟೆಕ್ಸಸ್ ಮತ್ತು ವಯೋಮಿಂಗ್‌ಗೆ, ಮಧ್ಯೆ ಸ್ವಲ್ಪ ಮೊಂಟಾನಾಕ್ಕೆ ಸಂಬಂಧಿಸಿದ್ದು.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ. ಅಮೆರಿಕದವರಿಗೆ ಅದರ ಅಗತ್ಯವಿಲ್ಲದ್ದರಿಂದ ಅವರಾಗಿ ಹೇಳುವುದಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ವಲಸೆಯೇತರ ವೀಸಾದ ಮೇಲೆ ಇರುವವರು ಕೋವಿಯಾಗಲಿ ಕಾಡತೂಸಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವೇ ವಿನಾಯಿತಿಗಳಿವೆ. ನಮಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ಕೈಯಲ್ಲಿರಬೇಕು. ಅಂಗಡಿಯಲ್ಲಿ ಕೋವಿ ಖರೀದಿಯ 4473 ನಮೂನೆ ತುಂಬುವಾಗ ಅದನ್ನು ತೋರಿಸಬೇಕಾಗುತ್ತದೆ, ವಾಸದ ಪುರಾವೆಯೂ ಬೇಕು. ಎಡವುವುದು ಇಲ್ಲಿ: ಟೆಕ್ಸಸ್‌ನ ಲೈಸೆನ್ಸ್ ಯಾವ ತಿಂಗಳು ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜಿಂಕೆಯ ಸೀಸನ್ ಬಂದಾಗ ಹೊಸದು ಕೊಂಡರಾಯಿತು ಎಂದು ಬಿಟ್ಟರೆ, ಸೆಪ್ಟೆಂಬರ್ 1ರಿಂದ ಮನೆಯ ಕಪಾಟಿನಲ್ಲಿರುವ ಕೋವಿಯೇ ಅಪರಾಧವಾಗುತ್ತದೆ. ಹೊಸ ವರ್ಷದ ಲೈಸೆನ್ಸ್ ಆಗಸ್ಟ್ 15ರಿಂದಲೇ ಮಾರಾಟಕ್ಕಿರುತ್ತದೆ, ಆ ವಾರವೇ ಕೊಂಡುಬಿಡಿ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಹಂದಿಗೆ ಲೈಸೆನ್ಸೇ ಬೇಡ ಎಂದು 2019ರ ಸೆಪ್ಟೆಂಬರ್‌ನಿಂದ ರಾಜ್ಯದ ಕಾನೂನು ಹೇಳುತ್ತದೆ. ವೀಸಾದವರು ಅದನ್ನು ನಂಬಿಕೊಂಡು ಹೋಗಬಾರದು. ಹಂದಿಗೆ ಬೇಡವಾದ ಲೈಸೆನ್ಸ್ ನಿಮ್ಮ ಕೈಯಲ್ಲಿರುವ ಕೋವಿಗೆ ಬೇಕು, ಅದು ಎರವಲು ಕೋವಿಯಾದರೂ ಸರಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತಾಪತ್ರಯವಿಲ್ಲ.

ಟೆಕ್ಸಸ್‌ನಲ್ಲಿ ಸತತ ಆರು ತಿಂಗಳು ವಾಸವಿದ್ದವರಿಗೆ ಲೈಸೆನ್ಸ್ 25 ಡಾಲರ್, ಹೊರಗಿನವರಿಗೆ 315. 1971ರ ಸೆಪ್ಟೆಂಬರ್ 2 ಮತ್ತು ಅದರ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. 17 ದಾಟಿದವರು ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದು. ಒಂದು ವರ್ಷಕ್ಕೆ ಮುಂದೂಡಿಸಿಕೊಳ್ಳಲು 10 ಡಾಲರ್‌ನ ಅವಕಾಶವಿದೆ, ಆದರೆ ಅದು ಜೀವನದಲ್ಲಿ ಒಮ್ಮೆ ಮಾತ್ರ, ಜೊತೆಗೆ ಅರ್ಹ ಬೇಟೆಗಾರರೊಬ್ಬರು ಪಕ್ಕದಲ್ಲಿರಬೇಕು. ಕೋರ್ಸನ್ನೇ ಮುಗಿಸುವುದು ಒಳ್ಳೆಯದು. ಆ ಪ್ರಮಾಣಪತ್ರ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ, ವಯೋಮಿಂಗ್‌ನಲ್ಲಿ ಬೇಟೆಯಾಡಲೂ ಅದು ಬೇಕಾಗುತ್ತದೆ.

ಇನ್ನು ಜಾಗ. ಟೆಕ್ಸಸ್‌ನ ಸಾರ್ವಜನಿಕ ನೆಲಕ್ಕೆ ಅತಿ ಅಗ್ಗದ ಬಾಗಿಲು ಎಂದರೆ 48 ಡಾಲರ್‌ನ ವಾರ್ಷಿಕ ಸಾರ್ವಜನಿಕ ಬೇಟೆ ಪರ್ಮಿಟ್. ಎಲ್ಲರೂ ಎಪಿಎಚ್ ಎನ್ನುತ್ತಾರೆ. ರಾಜ್ಯದ ವನ್ಯಜೀವಿ ನಿರ್ವಹಣಾ ಪ್ರದೇಶಗಳು, ಕೆಲವು ಅರಣ್ಯ ತುಂಡುಗಳು, ಬೆಳವದ ಬೇಟೆಗೆಂದು ರಾಜ್ಯದ ವನ್ಯಜೀವಿ ಇಲಾಖೆಯೇ ರೈತರಿಂದ ಗುತ್ತಿಗೆಗೆ ಪಡೆದ ಹೊಲಗಳು, ಎಲ್ಲ ಸೇರಿ ಹತ್ತು ಲಕ್ಷ ಎಕರೆಗೆ ಹತ್ತಿರ ಇದರಲ್ಲಿ ಬರುತ್ತದೆ. ಪರ್ಮಿಟ್ ಕೊಂಡವರಲ್ಲಿ ಬಹಳ ಜನ ನಕಾಶೆ ನೋಡಿ, ಮನೆಗೆ ಹತ್ತಿರದ ಯೂನಿಟ್ ಆರಿಸಿ ಹೊರಟುಬಿಡುತ್ತಾರೆ. ನಕಾಶೆಯ ಪಕ್ಕದ ನಿಯಮ ಪಟ್ಟಿಯಲ್ಲಿ ಪ್ರತಿ ಯೂನಿಟ್‌ಗೂ ಒಂದೊಂದು ಸಾಲು ಇರುತ್ತದೆ: ಯಾವ ಪ್ರಾಣಿ, ಯಾವ ದಿನಾಂಕದಿಂದ ಯಾವ ದಿನಾಂಕ, ಯಾವ ಆಯುಧ, ರಾತ್ರಿ ತಂಗಬಹುದೇ. ಒಂದೇ ಜಾಗದಲ್ಲಿ ಜಿಂಕೆಗೆ ಬಿಲ್ಲು ಮಾತ್ರ, ಹಂದಿಗೆ ಬೇರೆ ದಿನಾಂಕ, ಅಳಿಲಿಗೆ ಶಾಟ್‌ಗನ್ ಎಂದು ಇರಬಹುದು. ರೈಫಲ್ ಹಿಡಿದು ಬಿಲ್ಲಿನ ಯೂನಿಟ್‌ಗೆ ಹೋದವರಿಗೆ ಬೇಟೆ ನಿಯಮ ಜಾರಿ ಮಾಡುವ ವಾರ್ಡನ್ ಕೊಡುವ ದಂಡದ ಚೀಟಿ ಪರ್ಮಿಟ್‌ಗಿಂತ ದುಬಾರಿ.

ಒಳಗೆ ಕಾಲಿಡುವ ಮೊದಲು ಸ್ಥಳದಲ್ಲೇ ನೋಂದಣಿ ಮಾಡಬೇಕು, ಇಲಾಖೆಯ ಮೈ ಟೆಕ್ಸಸ್ ಹಂಟ್ ಹಾರ್ವೆಸ್ಟ್ ಆ್ಯಪ್‌ನಲ್ಲಿ ಅಥವಾ ಪ್ರವೇಶದ ಬಳಿಯ ನೋಂದಣಿ ಕಟ್ಟೆಯಲ್ಲಿ. ಪೂರ್ವ ಟೆಕ್ಸಸ್‌ನ ಪೈನ್ ಕಾಡುಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಹೆದ್ದಾರಿ ಬಿಡುವ ಮುಂಚೆಯೇ ಆ್ಯಪ್ ತೆರೆದು ನೋಡಿಕೊಂಡಿರಿ. ಬಟ್ಟೆಯ ನಿಯಮಕ್ಕೂ ಅಳತೆಯಿದೆ: ಹೊಳೆಯುವ ಕಿತ್ತಳೆ ಬಣ್ಣ ಒಟ್ಟು 400 ಚದರ ಇಂಚು, ಅದರಲ್ಲಿ ಎದೆಯ ಮೇಲೆ 144, ಬೆನ್ನಿನ ಮೇಲೆ 144, ತಲೆಗೆ ಕಿತ್ತಳೆ ಟೋಪಿ. ಬೆಳವ, ಬಾತುಕೋಳಿ, ಟರ್ಕಿ ಬೇಟೆಗೆ ಇದರಿಂದ ವಿನಾಯಿತಿ. ಬೆನ್ನಿಗೆ ದೊಡ್ಡ ಚೀಲ ಹಾಕಿದರೆ ಬೆನ್ನಿನ 144 ಇಂಚು ಮುಚ್ಚಿಹೋಗುತ್ತದೆ. ಚೀಲದ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟಿ.

ಎಪಿಎಚ್‌ನ ತೊಂದರೆ ಜನಸಂದಣಿ. ಹ್ಯೂಸ್ಟನ್‌ಗೆ ಹತ್ತಿರದ ಸ್ಯಾಮ್ ಹ್ಯೂಸ್ಟನ್ ರಾಷ್ಟ್ರೀಯ ಅರಣ್ಯ 1,63,000 ಎಕರೆ ಎಂದು ಕೇಳಿದರೆ ದೊಡ್ಡದೆನಿಸುತ್ತದೆ. ಸೀಸನ್ನಿನ ಮೊದಲ ಶನಿವಾರ ಬೆಳಗಿನ ಜಾವ ಅಲ್ಲಿನ ಪಾರ್ಕಿಂಗ್ ನೋಡಿದರೆ ಅನಿಸುವುದಿಲ್ಲ. ಅಲ್ಲದೆ ಅದು ಒಂದೇ ಚಕ್ಕೆ ಕಾಡಲ್ಲ, ನಡುನಡುವೆ ಖಾಸಗಿ ಮನೆ, ತೋಟಗಳಿವೆ. ಡೆಕಟರ್ ಬಳಿಯ ಎಲ್‌ಬಿಜೆ ರಾಷ್ಟ್ರೀಯ ಹುಲ್ಲುಗಾವಲಂತೂ ಪೂರಾ ಚೂರು ಚೂರು. ಸರ್ಕಾರಿ ತುಂಡಿನಿಂದ ಸರ್ಕಾರಿ ತುಂಡಿಗೆ ಹೋಗುವ ಮಧ್ಯೆ ಯಾರದೋ ಹಿತ್ತಲು ಬರುತ್ತದೆ. ಇಂಥ ಕಡೆ ಮಂಗಳವಾರ, ಬುಧವಾರ ಹೋಗಬೇಕು, ರಸ್ತೆಯಿಂದ ಒಂದು ಮೈಲಿ ಆಚೆ ನಡೆಯಬೇಕು. ರಸ್ತೆಯಿಂದ ಅರ್ಧ ಮೈಲಿಯೊಳಗೇ ಹೆಚ್ಚಿನವರು ಕೂತುಬಿಡುತ್ತಾರೆ.

ಲಾಟರಿ ಬೇಟೆಗಳನ್ನು ನಮ್ಮವರು ಯಾಕೋ ಕಡೆಗಣಿಸುತ್ತಾರೆ. ಅರ್ಜಿಗೆ 3 ಅಥವಾ 10 ಡಾಲರ್. ಹೆಸರು ಬಂದರೆ ಎರಡು-ಮೂರು ದಿನ ಕೆಲವೇ ಜನರಿಗೆಂದು ಮೀಸಲಾದ ಜಾಗ, ಯಾವ ಕಂಪಾರ್ಟ್‌ಮೆಂಟ್ ಎಂದು ಇಲಾಖೆಯವರೇ ತೋರಿಸುತ್ತಾರೆ. ಹೆಸರು ಬರದಿದ್ದರೆ ಆ ವರ್ಗದಲ್ಲಿ ಒಂದು ಅಂಕ ಕೂಡುತ್ತದೆ, ಮುಂದಿನ ಸಲ ಅವಕಾಶ ಹೆಚ್ಚುತ್ತದೆ. ಕೊನೆಯ ದಿನಾಂಕಗಳು ಆಗಸ್ಟ್‌ನಿಂದಲೇ ವರ್ಗವಾರು ಶುರುವಾಗುತ್ತವೆ. ಗುಂಪಾಗಿ ಅರ್ಜಿ ಹಾಕಿದರೆ ಎಲ್ಲರ ಅಂಕ ಸರಾಸರಿಗೆ ಬರುವುದರಿಂದ, ಅಂಕ ಕೂಡಿಟ್ಟವರು ಹೊಸಬರನ್ನು ಸೇರಿಸಿಕೊಳ್ಳುವ ಮುನ್ನ ಯೋಚಿಸಬೇಕು. ಆಯ್ಕೆಯಾದವರು ಬಾರದಿದ್ದರೆ ಖಾಲಿ ಜಾಗಗಳನ್ನು ಅಲ್ಲೇ ಚೀಟಿ ಎತ್ತಿ ಕೊಡುವ ಪದ್ಧತಿಯೂ ಹಲವು ಕಡೆ ಇದೆ. ಮಳೆ, ಚಳಿ ಮುನ್ಸೂಚನೆ ಇದ್ದ ವಾರ ಹೋದರೆ ಸಿಗುವ ಸಾಧ್ಯತೆ ಹೆಚ್ಚು.

ಖಾಸಗಿ ನೆಲಕ್ಕೆ ಬಂದರೆ ಮೊದಲು ಕಾನೂನಿನ ಬಿಸಿ ಗೊತ್ತಿರಬೇಕು. ಟೆಕ್ಸಸ್‌ನಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ಬಿಳಿಬಾಲದ ಜಿಂಕೆ ಹೊಡೆದರೆ ಅದು ದಂಡ ಕಟ್ಟಿ ಮುಗಿಸುವ ವಿಷಯವಲ್ಲ, ಸ್ಟೇಟ್ ಜೈಲ್ ಫೆಲನಿ, ಅಂದರೆ ಜೈಲಿಗೆ ಕಳಿಸಬಹುದಾದ ಗಂಭೀರ ಅಪರಾಧ. ವೀಸಾ ಇರುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೋರ್ಡು ಇಲ್ಲದಿದ್ದರೂ ನೇರಳೆ ಬಣ್ಣದ ಗುರುತು ಸಾಕು: ಮರ ಅಥವಾ ಬೇಲಿ ಕಂಬದ ಮೇಲೆ ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ, ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲದ ಲಂಬ ಪಟ್ಟಿ. ಕಾಡಿನಲ್ಲಿ 100 ಅಡಿಗೊಂದು, ಬಯಲಿನಲ್ಲಿ 1,000 ಅಡಿಗೊಂದು ಇದ್ದರೆ ಪ್ರವೇಶ ನಿಷಿದ್ಧ ಎಂಬ ಬೋರ್ಡಿಗೆ ಸಮ. ಮಬ್ಬು ಬೆಳಕಿನಲ್ಲಿ ಈ ಬಣ್ಣ ಕಪ್ಪಾಗಿ, ತೊಗಟೆಯ ಕಲೆಯಂತೆ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ.

ಮಾಲೀಕ ಯಾರು ಎಂದು ತಿಳಿಯಲು ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕ) ಆಸ್ತಿ ಮೌಲ್ಯ ನಿಗದಿ ಮಾಡುವ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನ ನಕಾಶೆ ಇದೆ. ನಮ್ಮ ಪಹಣಿ ತೆಗೆದ ಹಾಗೆ, ತುಂಡಿನ ಮೇಲೆ ಒತ್ತಿದರೆ ಹೆಸರು, ವಿಸ್ತೀರ್ಣ, ಅಂಚೆ ವಿಳಾಸ ಬರುತ್ತದೆ. ಹಣ ಕೊಡಬೇಕಾಗಿಲ್ಲ. ಅಂಚೆ ವಿಳಾಸ ನಗರದ್ದಾಗಿದ್ದರೆ ಮಾಲೀಕ ಅಲ್ಲಿ ವಾಸವಿಲ್ಲ, ದನ ಮೇಯಿಸುವವನು ಬೇರೆ ಗುತ್ತಿಗೆದಾರ ಎಂದು ಊಹಿಸಬಹುದು. ಇದು ಮುಖ್ಯ, ಏಕೆಂದರೆ ಮೇವಿನ ಗುತ್ತಿಗೆ ಹಿಡಿದವನಿಗೆ ಬೇಟೆಯ ಹಕ್ಕು ಇರಲೇಬೇಕೆಂದಿಲ್ಲ. ಟ್ರ್ಯಾಕ್ಟರ್ ಮೇಲೆ ಕುಳಿತ ಮನುಷ್ಯ “ಹೋಗಿ, ಪರವಾಗಿಲ್ಲ” ಎಂದದ್ದು ಒಪ್ಪಿಗೆಯಾಗಬೇಕಾದರೆ ಆ ಹಕ್ಕು ಅವನ ಕೈಯಲ್ಲಿರಬೇಕು.

ಕೇಳುವ ಕಾಲ ಫೆಬ್ರುವರಿಯಿಂದ ಏಪ್ರಿಲ್. ಹಿಂದಿನ ಸೀಸನ್ ಮುಗಿದು, ಹಳೆಯ ಗುಂಪು ಬಿಟ್ಟಿದೆಯೋ ಇಲ್ಲವೋ ಮಾಲೀಕರಿಗೆ ಗೊತ್ತಾಗಿರುತ್ತದೆ. ಮನೆ ಬಾಗಿಲಿಗೆ ಹೋಗುವುದಾದರೆ ಹಗಲು ಹೊತ್ತು, ಒಬ್ಬರೋ ಇಬ್ಬರೋ, ಕಾಡಿನ ಬಣ್ಣದ ಕಾಮೋ ಬಟ್ಟೆ ಹಾಕದೆ. ಕೋವಿ ಕಾರಿನಲ್ಲೂ ಬೇಡ. ಮಾತಿಗೆ ‘ಸರ್’, ‘ಮ್ಯಾಮ್’ ಸೇರಿಸುವುದು ಅಲ್ಲಿನ ಮರ್ಯಾದೆ. ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಫೋನ್, ವಾಹನದ ಬಣ್ಣ ಮತ್ತು ನಂಬರ್, ಎಷ್ಟು ಜನ, ಯಾವ ಪ್ರಾಣಿ, ಯಾವ ದಿನಗಳು ಎಂದು ಬರೆದು ಕೊಟ್ಟರೆ ಅವರಿಗೆ ಯೋಚಿಸಲು ಅನುಕೂಲ. ಜಿಂಕೆಯನ್ನು ಮೊದಲು ಕೇಳಬೇಡಿ, ಅದು ಅವರಿಗೆ ಆದಾಯ. ಜೋಳ, ಶೇಂಗಾ ಬೆಳೆಯುವವರ ಹತ್ತಿರ ಹಂದಿಯ ಮಾತು ತೆಗೆಯಿರಿ, ಅದು ಅವರಿಗೆ ನಷ್ಟ. ಬೆಳೆ ಹಾಳಾದ ವಾರ ಸಿಗುವಷ್ಟು ಸುಲಭವಾಗಿ ಒಪ್ಪಿಗೆ ಇನ್ನು ಯಾವಾಗಲೂ ಸಿಗದು. ಅಲ್ಲಿ ಒಂದು ವರ್ಷ ಗೇಟು ಹಾಕಿ-ತೆಗೆದು ನಂಬಿಕೆ ಗಳಿಸಿದವರಿಗೆ ಮುಂದಿನ ವರ್ಷ ಹೆಣ್ಣು ಜಿಂಕೆಯೊಂದಕ್ಕೆ ಅವಕಾಶ ಸಿಗುವುದು ಅಪರೂಪವೇನಲ್ಲ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ತೆರೆದ ಗೇಟನ್ನು ಉಪಕಾರವೆಂದು ಮುಚ್ಚಿಬಂದರೆ ದನಗಳಿಗೆ ನೀರಿನ ತೊಟ್ಟಿ ತಪ್ಪುತ್ತದೆ.

ಹಣ ಕೊಟ್ಟು ಪಡೆಯುವ ಡಿಯರ್ ಲೀಸ್‌ಗೆ ಎಕರೆಗೆ ಸುಮಾರು 10ರಿಂದ 25 ಡಾಲರ್ ಎನ್ನುವುದು ಸಾಮಾನ್ಯ ಮಾತು. ಊರಿಗೆ ಹತ್ತಿರವಾದಷ್ಟೂ, ಮನೆ-ವಿದ್ಯುತ್ ಇದ್ದಷ್ಟೂ ಮೇಲೆ ಹೋಗುತ್ತದೆ. ಎಕರೆಯ ದರಕ್ಕಿಂತ ಮೊದಲು ಕೇಳಬೇಕಾದ್ದು ಎಷ್ಟು ಕೋವಿಗಳು ಎಂದು. 500 ಎಕರೆಗೆ ನಾಲ್ಕು ಜನ ಇರುವುದಕ್ಕೂ ಹತ್ತು ಜನ ಇರುವುದಕ್ಕೂ ಬಹಳ ಅಂತರ. ಆನ್‌ಲೈನ್ ಜಾಹೀರಾತುಗಳಲ್ಲಿ ಮೋಸವೂ ಇದೆ. ಯಾರದೋ ರ‍್ಯಾಂಚಿನ ಫೋಟೊ ಹಾಕಿ, “ಇನ್ನಿಬ್ಬರು ಕೇಳುತ್ತಿದ್ದಾರೆ, ಮುಂಗಡ ಕಳಿಸಿ” ಎನ್ನುತ್ತಾರೆ. ಅಪ್ರೈಸಲ್ ನಕಾಶೆಯ ಹೆಸರಿಗೂ ಹಣ ಕೇಳುವವರ ಹೆಸರಿಗೂ ತಾಳೆಯಾಗದಿದ್ದರೆ, ಗೇಟಿನ ಬೀಗ ತೆಗೆದು ಒಳಗೆ ಕರೆದುಕೊಂಡು ಹೋಗದಿದ್ದರೆ, ಒಂದು ಡಾಲರ್ ಕೂಡ ಕಳಿಸಬೇಡಿ. ಟೆಕ್ಸಸ್‌ನಲ್ಲಿ ಹಣಕ್ಕೆ ಬೇಟೆ ಬಿಡುವ ಮಾಲೀಕರು ತಾವೂ ಇಲಾಖೆಯಿಂದ ಹಂಟಿಂಗ್ ಲೀಸ್ ಲೈಸೆನ್ಸ್ ಪಡೆದಿರಬೇಕು. ಅದನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

ಒಪ್ಪಂದ ಬರಹದಲ್ಲಿರಲಿ. ಎರಡು ಪುಟ ಸಾಕು, ಆದರೆ ಜಗಳ ಹುಟ್ಟುವ ವಿಷಯಗಳೆಲ್ಲ ಅದರಲ್ಲಿ ಬರಬೇಕು. ಲೀಸ್ ವರ್ಷಪೂರ್ತಿಯೋ ಸೀಸನ್‌ಗೆ ಮಾತ್ರವೋ. ವರ್ಷಪೂರ್ತಿ ಆಗಿದ್ದರೆ ವಸಂತದ ಟರ್ಕಿ, ಬೇಸಗೆಯ ಹಂದಿ ಸೇರಿವೆಯೋ. ಒಬ್ಬರಿಗೆ ಎಷ್ಟು ಜಿಂಕೆ. ಹೆಂಡತಿ ಮಕ್ಕಳು ಬಂದರೆ ಅತಿಥಿಯೋ ಸದಸ್ಯರೋ. ಮಾಲೀಕರ ಕುಟುಂಬವೂ ಅಲ್ಲಿ ಬೇಟೆಯಾಡುತ್ತದೆಯೋ. ಜಿಂಕೆಗೆ ಕಾಳು ಹಾಕುವ ಫೀಡರ್, ಅಟ್ಟಣಿಗೆಗಳನ್ನು ಎಷ್ಟರೊಳಗೆ ತೆಗೆಯಬೇಕು, ತೆಗೆಯದಿದ್ದರೆ ಯಾರ ಪಾಲು. ಮಳೆ ಬಂದಾಗ ಮಣ್ಣು ರಸ್ತೆಯಲ್ಲಿ ವಾಹನ ಬಿಡಬಹುದೋ. ತೈಲ ಕಂಪನಿಯವರು ಬಾವಿ ನೋಡಲು ಬರುವ ದಾರಿ ಯಾವುದು, ಎಷ್ಟು ಹೊತ್ತಿಗೆ ಬರುತ್ತಾರೆ (ಇದನ್ನು ಕೇಳದವರು ಬೆಳಗ್ಗೆ ಏಳೂವರೆಗೆ ಜಿಂಕೆಯ ಬದಲು ಪಿಕಪ್ ಟ್ರಕ್ ನೋಡುತ್ತಾರೆ). ಜಮೀನು ಮಾರಾಟವಾದರೆ ಉಳಿದ ತಿಂಗಳುಗಳ ಹಣ ವಾಪಸ್ಸೋ ಇಲ್ಲವೋ. ಈ ಕೊನೆಯ ಷರತ್ತು ಇಲ್ಲದೆ ಹಣ ಕಳೆದುಕೊಂಡವರೇ ಹೆಚ್ಚು, ಊರುಗಳು ಬೆಳೆದು ರ‍್ಯಾಂಚ್‌ಗಳು ಸೈಟುಗಳಾಗುತ್ತಿರುವ ಕಡೆ ಅದು ಇರಲೇಬೇಕು.

ಮಾಲೀಕರು ಹಿಂಜರಿಯುವುದು ಬಹುಪಾಲು ಒಂದೇ ಕಾರಣಕ್ಕೆ: ಯಾರಾದರೂ ಬಿದ್ದು ಕಾಲು ಮುರಿದುಕೊಂಡು ಕೋರ್ಟಿಗೆ ಹೋದರೆ? ಟೆಕ್ಸಸ್‌ನ ಸಿವಿಲ್ ಸಂಹಿತೆಯ 75ನೇ ಅಧ್ಯಾಯ ಮನರಂಜನೆಗೆ ಜಮೀನು ಬಿಡುವವರ ಹೊಣೆಯನ್ನು ಮಿತಿಗೊಳಿಸುತ್ತದೆ. ಹಣ ಪಡೆದರೂ, ಆ ಮೊತ್ತ ಜಮೀನಿನ ವಾರ್ಷಿಕ ಆಸ್ತಿ ತೆರಿಗೆಯ 20 ಪಟ್ಟಿನೊಳಗಿದ್ದರೆ ರಕ್ಷಣೆ ಇದೆ. ಗುಂಪಿನ ಪರವಾಗಿ ಹೊಣೆಗಾರಿಕೆ ವಿಮೆ ಮಾಡಿಸಿ, ಮಾಲೀಕರ ಹೆಸರನ್ನೂ ಅದರಲ್ಲಿ ಸೇರಿಸಿ, ಪ್ರತಿಯನ್ನು ಮೊದಲ ಭೇಟಿಗೇ ತೆಗೆದುಕೊಂಡು ಹೋಗಿ. ಪರಿಚಯವಿಲ್ಲದ ಮುಖಕ್ಕೆ ಆ ಕಾಗದ ಸ್ವಲ್ಪ ಪರಿಚಯ ಕೊಡುತ್ತದೆ.

ಟೆಕ್ಸಸ್‌ನ ಇಕ್ಕಟ್ಟು ಸಾಕೆನಿಸಿದವರು ಪಶ್ಚಿಮಕ್ಕೆ ನೋಡುತ್ತಾರೆ. ವಯೋಮಿಂಗ್‌ನಲ್ಲಿ ಭೂ ನಿರ್ವಹಣಾ ಬ್ಯೂರೋ, ಅಂದರೆ ಬಿಎಲ್ಎಂ ಕೈಯಲ್ಲೇ ಸುಮಾರು 1 ಕೋಟಿ 80 ಲಕ್ಷ ಎಕರೆ ಇದೆ. ಪರ್ಮಿಟ್ ಹಣ ಕೇಳುವವರಿಲ್ಲ, 14 ದಿನ ತಂಗಬಹುದು. ಹೊಸಬರಿಗೆ ಅಲ್ಲಿ ಒಗ್ಗುವುದು ಪ್ರಾಂಗ್‌ಹಾರ್ನ್ ಬೇಟೆ. ಜಿಂಕೆಯನ್ನು ಹೋಲುವ ಬಯಲು ಪ್ರಾಣಿ, ಹಗಲೆಲ್ಲ ಕಾಣುತ್ತದೆ. ಹೊರರಾಜ್ಯದವರ ಅರ್ಜಿ ಜೂನ್ ಆರಂಭಕ್ಕೆ ಮುಗಿಯುತ್ತದೆ. ಇಲ್ಲಿ ಸಿಕ್ಕಿಬೀಳುವುದು ಅರ್ಜಿ ಹಾಕುವಾಗಲೇ. ಲೈಸೆನ್ಸ್ ಒಂದು ನಿರ್ದಿಷ್ಟ ಬೇಟೆ ಪ್ರದೇಶಕ್ಕೆ ಮಾತ್ರ. ಪೂರ್ವ ವಯೋಮಿಂಗ್‌ನ ಕೆಲವು ಪ್ರದೇಶಗಳಲ್ಲಿ ಲೈಸೆನ್ಸ್ ಬಲು ಸುಲಭವಾಗಿ ಬರುತ್ತದೆ. ಪ್ರಾಣಿ ಧಾರಾಳವಾಗಿದೆ, ನೆಲವೆಲ್ಲ ಖಾಸಗಿ, ಆದ್ದರಿಂದ ಕೇಳುವವರಿಲ್ಲ. ಇಲಾಖೆಯ ಪಟ್ಟಿಯಲ್ಲಿ ಅಂಥ ಪ್ರದೇಶಗಳ ಮುಂದೆ ನಕ್ಷತ್ರ ಚಿಹ್ನೆ ಹಾಕಿ, ಸಾರ್ವಜನಿಕ ಪ್ರವೇಶ ಕಷ್ಟ ಎಂದು ಬರೆದಿರುತ್ತಾರೆ. ಆ ಚಿಹ್ನೆ ನೋಡದೆ ಅರ್ಜಿ ಹಾಕಿದವರು ಸೆಪ್ಟೆಂಬರ್‌ನಲ್ಲಿ ಕೌಂಟಿ ರಸ್ತೆಯ ಮೇಲೆ ನಿಂತು ಬೇಲಿಯಾಚೆ ಮೇಯುವ ಹಿಂಡು ನೋಡಬೇಕಾಗುತ್ತದೆ.

ನಕಾಶೆ ಓದುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿಎಲ್ಎಂನ 1:1,00,000 ಅಳತೆಯ ನಕಾಶೆಯಲ್ಲಿ ಹಳದಿ ಬಿಎಲ್ಎಂ, ಹಸಿರು ರಾಷ್ಟ್ರೀಯ ಅರಣ್ಯ, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಇಡೀ ನೆಲವನ್ನು 6 ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿ ಟೌನ್‌ಶಿಪ್ಪನ್ನು ಒಂದು ಮೈಲಿ ಚೌಕದ, 640 ಎಕರೆಯ 36 ಸೆಕ್ಷನ್‌ಗಳಾಗಿ ಅಳೆದಿದ್ದಾರೆ. ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗಿ, ಕೆಳಗಿನ ಸಾಲಿನಲ್ಲಿ ಮತ್ತೆ ಪೂರ್ವಕ್ಕೆ ಬರುತ್ತದೆ, ನೇಗಿಲು ಸಾಲಿನ ಲೆಕ್ಕ. 16 ಮತ್ತು 36ನೇ ಸೆಕ್ಷನ್‌ಗಳನ್ನು ಶಾಲೆಗಳ ಖರ್ಚಿಗೆಂದು ರಾಜ್ಯಕ್ಕೆ ಕೊಟ್ಟರು. ಅದಕ್ಕೇ ಪ್ರತಿ ಟೌನ್‌ಶಿಪ್‌ನಲ್ಲೂ ಅದೇ ಎರಡು ಜಾಗದಲ್ಲಿ ನೀಲಿ ಚೌಕ ಕಾಣುತ್ತದೆ. ಸಾರ್ವಜನಿಕ ದಾರಿಯಿಂದ ತಲುಪಬಹುದಾದರೆ ಈ ನೀಲಿ ಚೌಕಗಳಲ್ಲೂ ಬೇಟೆಯಾಡಬಹುದು, ಆದರೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ಬೆಳೆಯಿಟ್ಟ ಹೊಲವಾಗಿದ್ದರೆ ಪ್ರವೇಶವೂ ಇಲ್ಲ.

ಹಳದಿ ಕಂಡ ಕೂಡಲೇ ಖುಷಿಪಡಬೇಡಿ. ಆ ಹಳದಿಗೆ ಸಾರ್ವಜನಿಕ ದಾರಿ ಮುಟ್ಟುತ್ತದೆಯೇ ನೋಡಿ. ಖಾಸಗಿ ಜಮೀನಿನ ನಡುವೆ ಸಿಕ್ಕಿಕೊಂಡು ದಾರಿಯೇ ಇಲ್ಲದ ಫೆಡರಲ್ ನೆಲ ಪಶ್ಚಿಮದ ರಾಜ್ಯಗಳಲ್ಲಿ 95 ಲಕ್ಷ ಎಕರೆಗೂ ಹೆಚ್ಚು, ಅದರಲ್ಲಿ ವಯೋಮಿಂಗ್ ಒಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಎಂದು ಥಿಯೋಡರ್ ರೂಸ್‌ವೆಲ್ಟ್ ಕನ್ಸರ್ವೇಶನ್ ಪಾರ್ಟ್‌ನರ್‌ಶಿಪ್ ಮತ್ತು ಆನ್‌ಎಕ್ಸ್ ನಕಾಶೆ ಕಂಪನಿ 2018ರಲ್ಲಿ ಲೆಕ್ಕ ಹಾಕಿದ್ದವು. ನಕಾಶೆಯಲ್ಲಿ ಗೆರೆ ಕಂಡರೆ ಅದು ಸಾರ್ವಜನಿಕ ರಸ್ತೆ ಎಂದೇನೂ ಅಲ್ಲ. ಎರಡು ಚಕ್ರದ ಗುರುತಿನ ಬಂಡಿ ದಾರಿ ಬಿಳಿ ಚೌಕ ದಾಟಿ ಬಂದಿದ್ದರೆ, ಕೌಂಟಿಯ ರಸ್ತೆ ವಿಭಾಗಕ್ಕೆ ಫೋನ್ ಮಾಡಿ ಅದರ ನಂಬರ್ ಹೇಳಿ, ಅದು ಕೌಂಟಿ ರಸ್ತೆಯೇ, ಎಲ್ಲಿಯವರೆಗೆ ಎಂದು ಕೇಳಿ. ಎರಡು ನಿಮಿಷದ ಕೆಲಸ. ಕೌಂಟಿ ರಸ್ತೆಗೆ ಅಡ್ಡಲಾಗಿ ‘ಖಾಸಗಿ’ ಬೋರ್ಡು ಹಾಕಿದವರೂ ಇದ್ದಾರೆ, ಖಾಸಗಿ ದಾರಿಯನ್ನು ಸಾರ್ವಜನಿಕವೆಂದು ತೋರಿಸುವ ಆ್ಯಪ್‌ಗಳೂ ಇವೆ. ರಾಷ್ಟ್ರೀಯ ಅರಣ್ಯದೊಳಗೆ ವಾಹನ ಎಲ್ಲಿ ಬಿಡಬಹುದು ಎನ್ನಲು ಅರಣ್ಯ ಸೇವೆಯ ವಾಹನ ಬಳಕೆ ನಕಾಶೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇಲ್ಲದ ರಸ್ತೆ ಕಣ್ಣಿಗೆ ಕಂಡರೂ ವಾಹನಕ್ಕೆ ಮುಚ್ಚಿದೆ ಎಂದೇ ಅರ್ಥ.

ಚದುರಂಗದ ಮನೆಯಂತೆ ಹಳದಿ-ಬಿಳಿ ಒಂದಾದಮೇಲೊಂದು ಬರುವ ದಕ್ಷಿಣ ವಯೋಮಿಂಗ್‌ನ ಪಟ್ಟಿ 1860ರ ದಶಕದ ರೈಲ್ವೆ ಅನುದಾನದ ಫಲ. ಬೆಸ ಸಂಖ್ಯೆಯ ಸೆಕ್ಷನ್ ರೈಲ್ವೆಗೆ, ಸಮ ಸಂಖ್ಯೆಯದ್ದು ಸರ್ಕಾರಕ್ಕೆ. ಎರಡು ಹಳದಿ ಚೌಕಗಳು ಮೂಲೆಯಲ್ಲಷ್ಟೇ ಮುಟ್ಟುತ್ತವೆ. ಒಂದರಿಂದ ಇನ್ನೊಂದಕ್ಕೆ ಮೂಲೆ ದಾಟಿದರೆ ಅತಿಕ್ರಮವೇ? ಮಿಸೌರಿಯಿಂದ ಬಂದ ಬೇಟೆಗಾರರು, 2020ರಲ್ಲಿ ಮೂವರು, 2021ರಲ್ಲಿ ನಾಲ್ವರು, ಎಲ್ಕ್ ಮೌಂಟನ್ ಬಳಿ ಹೀಗೆ ದಾಟಿದರು. ಎರಡನೇ ಸಲ ಮೂಲೆಯ ಮೇಲೆ ಏಣಿಯನ್ನೇ ಇಟ್ಟು, ಖಾಸಗಿ ನೆಲ ಮುಟ್ಟದೆ ಇಳಿದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ 2022ರಲ್ಲಿ ಅವರನ್ನು ಬಿಡುಗಡೆ ಮಾಡಿತು. ಸಿವಿಲ್ ದಾವೆಯಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ, 1885ರ ಅಕ್ರಮ ಬೇಲಿ ಕಾಯ್ದೆಯನ್ನು ಆಧಾರವಾಗಿಟ್ಟುಕೊಂಡು ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಇದನ್ನು ಎಲ್ಲ ಕಡೆಗೂ ಪರವಾನಗಿ ಎಂದುಕೊಳ್ಳಬಾರದು. ಆ ನ್ಯಾಯಾಲಯದ ವ್ಯಾಪ್ತಿ ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಒಕ್ಲಹೊಮ ಮಾತ್ರ. ಪಕ್ಕದ ಮೊಂಟಾನಾ ಬೇರೆ ಸರ್ಕ್ಯೂಟ್‌ಗೆ ಸೇರಿದ್ದು, ಅಲ್ಲಿನ ಇಲಾಖೆ ಮೂಲೆ ದಾಟುವುದು ಕಾನೂನುಬಾಹಿರ ಎಂದೇ ಹೇಳುತ್ತಿದೆ. ವಯೋಮಿಂಗ್‌ನಲ್ಲೂ ನಿಖರವಾಗಿ ಮೂಲೆಯಲ್ಲೇ ದಾಟಬೇಕು. ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ಅತ್ತಿತ್ತ ತೋರಿಸುತ್ತದೆ, ಆ್ಯಪ್‌ನ ಗೆರೆ ಹದ್ದುಬಸ್ತು ಮಾಡಿದ ಗೆರೆಯಲ್ಲ. ನೆಲದಲ್ಲಿ ಸರ್ವೆಯವರು ನೆಟ್ಟ ಹಿತ್ತಾಳೆ ಬಿಲ್ಲೆಯ ಗೂಟ ಇರುತ್ತದೆ. ಮೇಲೆ ನಾಲ್ಕು ಸೆಕ್ಷನ್‌ಗಳ ಸಂಖ್ಯೆ, ಅಳೆದ ವರ್ಷ ಕೊರೆದಿರುತ್ತದೆ. ಆ ಬಾಂದು ಕಣ್ಣಿಗೆ ಕಂಡು, ಸಂಖ್ಯೆ ನಕಾಶೆಯೊಂದಿಗೆ ತಾಳೆಯಾದರೆ ಮಾತ್ರ ದಾಟಿ, ಫೋಟೊ ತೆಗೆದಿಡಿ. ಸೇಜ್ ಪೊದೆಯಲ್ಲಿ ಬಿಲ್ಲೆ ಸಿಗದಿದ್ದರೆ ಸುತ್ತಿಕೊಂಡು ಹೋಗುವ ದಾರಿಯೇ ಗತಿ.

ಇಷ್ಟು ತಲೆನೋವು ಬೇಡವೆನ್ನುವವರಿಗೆ ರಾಜ್ಯಗಳೇ ಖಾಸಗಿ ಜಮೀನನ್ನು ಬಾಡಿಗೆಗೆ ಪಡೆದು ಬಿಡುವ ಯೋಜನೆಗಳಿವೆ. ವಯೋಮಿಂಗ್‌ನ ವಾಕ್-ಇನ್ ಪ್ರದೇಶಗಳಲ್ಲಿ ಚೀಟಿ ಬೇಡ, ಕಾಲ್ನಡಿಗೆ ಮಾತ್ರ. ಹಂಟರ್ ಮ್ಯಾನೇಜ್‌ಮೆಂಟ್ ಏರಿಯಾಗಳಿಗೆ ಇಲಾಖೆಯ ವೆಬ್‌ಸೈಟಿನಿಂದ ಅನುಮತಿ ಚೀಟಿ ಪಡೆಯಬೇಕು. ಕೆಲವಕ್ಕೆ ಎಷ್ಟು ಜನರಾದರೂ ಆಗಬಹುದು, ಕೆಲವಕ್ಕೆ ಮಿತಿಯಿದೆ. ಬಿಡುಗಡೆಯ ದಿನಾಂಕ ನೋಡಿಟ್ಟುಕೊಂಡು ಬೆಳಗ್ಗೆಯೇ ಕುಳಿತವರಿಗೆ ಸಿಗುತ್ತದೆ. ಮೊಂಟಾನಾದ ಬ್ಲಾಕ್ ಮ್ಯಾನೇಜ್‌ಮೆಂಟ್ 1985ರಿಂದ ಇದೆ, ಈಗ ಸುಮಾರು 70 ಲಕ್ಷ ಎಕರೆ. ಅಲ್ಲಿ ಮೊದಲ ಬಗೆಯ ಜಾಗಗಳಲ್ಲಿ ಬೇಲಿ ಪಕ್ಕದ ಪೆಟ್ಟಿಗೆಯಲ್ಲಿ ಚೀಟಿ ತುಂಬಿ, ಒಂದು ಭಾಗ ಪೆಟ್ಟಿಗೆಗೆ ಹಾಕಿ, ಇನ್ನೊಂದು ನಿಮ್ಮ ಬಳಿ ಇಟ್ಟುಕೊಂಡು ಒಳಗೆ ಹೋಗಬಹುದು. ಎರಡನೆಯ ಬಗೆಯಲ್ಲಿ ಮಾಲೀಕರೋ ಇಲಾಖೆಯವರೋ ಅನುಮತಿ ಕೊಡಬೇಕು. ಹೆಸರಿದ್ದ ರ‍್ಯಾಂಚ್‌ಗಳಿಗೆ ಬೇಗ ಭರ್ತಿಯಾಗುತ್ತದೆ. ಪೆಟ್ಟಿಗೆಯಲ್ಲಿ ಪೆನ್ಸಿಲ್ ಇರುತ್ತದೆಂದು ನಂಬಬೇಡಿ, ಚಳಿಗೆ ಬಾಲ್ ಪೆನ್ನೂ ಬರೆಯುವುದಿಲ್ಲ. ಒಂದು ಪೆನ್ಸಿಲ್ ಕಾರಿನಲ್ಲಿರಲಿ. ಕಾನ್ಸಸ್, ಉತ್ತರ ಡಕೋಟದಲ್ಲೂ ಹಕ್ಕಿ ಬೇಟೆಗೆ ಇಂಥ ಯೋಜನೆಗಳು ಚೆನ್ನಾಗಿ ನಡೆಯುತ್ತವೆ.

ಇನ್ನೊಂದು ವಿಷಯ ಹೊರರಾಜ್ಯದವರು ತಪ್ಪಿಸಿಕೊಳ್ಳುವಂಥದ್ದು: ವಯೋಮಿಂಗ್‌ನ ಫೆಡರಲ್ ವಿಲ್ಡರ್ನೆಸ್ ಪ್ರದೇಶಗಳಲ್ಲಿ (ವಾಹನಕ್ಕೆ ಅವಕಾಶವಿಲ್ಲದೆ ಕಾಡಾಗಿಯೇ ಉಳಿಸಿದ ಜಾಗ) ಹೊರಗಿನವರು ದೊಡ್ಡ ಪ್ರಾಣಿಯ ಬೇಟೆಗೆ ಗೈಡ್ ಇಲ್ಲದೆ ಹೋಗುವಂತಿಲ್ಲ. ನಡೆದಾಡಬಹುದು, ಮೀನು ಹಿಡಿಯಬಹುದು, ಜಿಂಕೆ ಹೊಡೆಯುವಂತಿಲ್ಲ. ನಕಾಶೆಯಲ್ಲಿ ಅದೂ ಹಸಿರೇ, ಗಡಿಗೆರೆ ನೋಡಿಕೊಳ್ಳಬೇಕು.

ಎಲ್ಲ ಸರಿಯಾಗಿ ಮಾಡಿದ ಮೇಲೂ ಕೈಕೊಡುವ ಗಳಿಗೆ ಒಂದಿದೆ: ಗುಂಡು ತಗುಲಿದ ಪ್ರಾಣಿ ಬೇಲಿ ದಾಟಿ ಪಕ್ಕದವರ ಜಮೀನಿನಲ್ಲಿ ಬೀಳುವುದು. ನಿಮ್ಮದೇ ಪ್ರಾಣಿಯೆಂದು ಬೇಲಿ ಹಾರುವಂತಿಲ್ಲ, ಟೆಕ್ಸಸ್‌ನಲ್ಲೂ ವಯೋಮಿಂಗ್‌ನಲ್ಲೂ ಒಪ್ಪಿಗೆ ಬೇಕು. ಟೆಕ್ಸಸ್‌ನಲ್ಲಿ ಗುಂಡು ಗಡಿ ದಾಟಿದರೂ ತಪ್ಪು, ಪಕ್ಕದವರೊಂದಿಗೆ ಬರಹದ ಒಪ್ಪಂದ ಇಲ್ಲದಿದ್ದರೆ. ಕಾನೂನು ಮುರಿದು ಪಡೆದ ಮಾಂಸವನ್ನು ರಾಜ್ಯದ ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಫೆಡರಲ್ ವಿಷಯವಾಗುತ್ತದೆ, ವಯೋಮಿಂಗ್‌ನಿಂದ ಡಲ್ಲಾಸ್‌ಗೆ ಐಸ್ ಪೆಟ್ಟಿಗೆ ತರುವವರು ನೆನಪಿಡಬೇಕು. ಅದಕ್ಕೇ ಕೂರುವ ಜಾಗವನ್ನು ಗಡಿಯಿಂದ 200 ಗಜವಾದರೂ ಒಳಗೆ ಆರಿಸಿ, ಬೇಲಿಯ ಕಡೆಗೆ ಬೆನ್ನು ಮಾಡಿ ಕೂರಿ. ಸೀಸನ್‌ಗೆ ಮೊದಲೇ ಸುತ್ತಲಿನ ಜಮೀನುಗಳ ಮಾಲೀಕರ ಫೋನ್ ನಂಬರ್ ಲೀಸ್ ಕೊಟ್ಟವರಿಂದ ಕೇಳಿ ಬರೆದುಕೊಳ್ಳಿ. ಯಾರೂ ಫೋನ್ ಎತ್ತದಿದ್ದರೆ ಆ ಕೌಂಟಿಯ ಗೇಮ್ ವಾರ್ಡನ್‌ಗೆ ಮಾಡಿ, ಗುಂಡು ಹೊಡೆದ ಜಾಗ, ಹೊತ್ತು, ಪ್ರಾಣಿ ದಾಟಿದ ಬೇಲಿ ಕಂಬದ ಗುರುತು ಹೇಳಿ. ವಾರ್ಡನ್ ಕೂಡ ಮಾಲೀಕರನ್ನು ಒಪ್ಪಿಸಲೇಬೇಕೆಂದಿಲ್ಲ, ಆದರೆ ಆ ಕರೆಯ ದಾಖಲೆ ನಿಮ್ಮ ಪರ ಉಳಿಯುತ್ತದೆ.